ಕರಡಿ ಮಾತಾಡಿತೆಂದು ನೋಟಿಸು

ಅಂಗಡಿಯ ಮುಂದೆ ನಿಂತು ಕೈಬೀಸುವ ಕರಡಿಯೊಳಗೆ ಒಬ್ಬ ಮನುಷ್ಯ ಇರುತ್ತಾನೆ.

ಇದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಕರಡಿ ತಾನಾಗಿ ಕಾಡಿನಿಂದ ಬಂದು ಹಾಸಿಗೆ ಅಂಗಡಿಯ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಕರೆಯುವುದಿಲ್ಲ ಎಂಬುದು ಎಲ್‌ಕೆಜಿ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ನೀವು ಅದರ ಬಾಲ ಎಳೆಯುತ್ತೀರಿ. ಹೊಟ್ಟೆಗೆ ಗುದ್ದಿ ‘ಎಷ್ಟು ಮೆತ್ತಗಿದೆ ನೋಡು’ ಎನ್ನುತ್ತೀರಿ. ನಿಮ್ಮ ಮಗು ಅದರ ಮೊಣಕಾಲಿಗೆ ಒದ್ದರೆ ವಿಡಿಯೋ ಮಾಡಿ ಅಜ್ಜಿಗೆ ಕಳಿಸುತ್ತೀರಿ. ಆ ಮೊಣಕಾಲು ನಲವತ್ತಾರು ವರ್ಷದ ಒಬ್ಬ ಮನುಷ್ಯನದು. ಬೀದಿಯವರೆಲ್ಲ ಅವನನ್ನು ಕರಡಿಯಣ್ಣ ಎನ್ನುತ್ತಾರೆ. ಹೆಂಡತಿ ಮಾತ್ರ ‘ರೀ’ ಎನ್ನುತ್ತಾಳೆ, ಅದೂ ಕೋಪ ಬಂದಾಗ. ಕೋಪ ಇಲ್ಲದಿದ್ದರೆ ಅವಳಿಗೂ ಕರಡಿಯೇ.

ಒಂಬತ್ತು ವರ್ಷಗಳಿಂದ ಅವನು ಕರಡಿ. ಆ ಕೆಲಸಕ್ಕೆ ನಿಯಮಗಳಿವೆ. ಅಂಗಡಿಯ ಗೋದಾಮಿನಲ್ಲಿ, ಕರಡಿಯ ತಲೆ ನೇತುಹಾಕುವ ಮೊಳೆಯ ಕೆಳಗೆ, ಲ್ಯಾಮಿನೇಟ್ ಮಾಡಿ ಅಂಟಿಸಿದ್ದಾರೆ. ಕರಡಿ ಮಾತಾಡಬಾರದು. ಕರಡಿ ಕೂರಬಾರದು. ಕೈ ಕುಲುಕಲು ಬಂದವರಿಗೆ ಕರಡಿ ಇಲ್ಲ ಎನ್ನಬಾರದು. ಮಕ್ಕಳ ಎದುರು ಕರಡಿ ತಲೆ ತೆಗೆಯಬಾರದು. ಐದನೆಯದನ್ನು ಮಾಲೀಕರು ಆಮೇಲೆ ಪೆನ್ನಿನಲ್ಲಿ ಸೇರಿಸಿದ್ದು: ಕರಡಿ ಸದಾ ಸಂತೋಷವಾಗಿರಬೇಕು. ಮುಖದ ಮೇಲೆ ನಗುವನ್ನು ಹೊಲಿದೇ ಇಟ್ಟಿರುವಾಗ ಇದೊಂದು ಯಾಕೆ ಎಂದು ಕರಡಿಯಣ್ಣ ಒಮ್ಮೆ ಕೇಳಿದ.

“ನಡಿಗೇಲಿ ಗೊತ್ತಾಗತ್ತಯ್ಯಾ,” ಎಂದರು ಮಾಲೀಕರು.

ಯಾವ ಕಾಗದದಲ್ಲೂ ಬರೆಯದ ಸಂಗತಿ ಇನ್ನೊಂದಿದೆ. ಕರಡಿಯ ಜಿಪ್ಪು ಇರುವುದು ಬೆನ್ನಿನಲ್ಲಿ. ಕರಡಿಯ ಕೈಗೆ ಬೆರಳಿಲ್ಲ. ಅಂದರೆ ಒಳಗೆ ಹೋದವನು ತಾನಾಗಿ ಹೊರಗೆ ಬರಲಾರ. ಇನ್ನೊಬ್ಬರು ಬಂದು ತೆಗೆಯಬೇಕು. ಇದನ್ನು ಹೊಲಿಸಿದ ಪುಣ್ಯಾತ್ಮ ಒಂದು ದಿನವೂ ಒಳಗೆ ಹೊಕ್ಕಿಲ್ಲ ಎನ್ನಲು ನನಗೆ ಸಾಕ್ಷಿ ಬೇಕಿಲ್ಲ. ಅದೇ ಬೀದಿಯಲ್ಲಿ ಮೊಬೈಲ್ ಅಂಗಡಿಯ ಮುಂದೆ ಒಂದು ಗಿಳಿ ನಿಲ್ಲುತ್ತದೆ. ಕರಿದ ಕೋಳಿ ಮಾರುವಲ್ಲಿ ಒಂದು ಕೋಳಿ ನಿಂತು, ಬನ್ನಿ, ನನ್ನನ್ನು ತಿನ್ನಿ ಎಂದು ನಗುನಗುತ್ತ ಕರೆಯುತ್ತದೆ. ಅದು ಯಾರಿಗೂ ವಿಚಿತ್ರ ಅನ್ನಿಸಿಲ್ಲ. ಮೂವರನ್ನೂ ಒದಗಿಸುವುದು ಒಂದೇ ಏಜೆನ್ಸಿ. ಇಂಥವರನ್ನು ಊರಿಗೆಲ್ಲ ಕಳಿಸುವುದೂ ಅದೇ.

ಬಾಯಿಗೆ ಬೀಗ ಬಿದ್ದಮೇಲೆ ಏಜೆನ್ಸಿಯ ಇವರೆಲ್ಲರ ನಡುವೆ ಸನ್ನೆಗಳು ಹುಟ್ಟಿಕೊಂಡವು. ತಲೆಯ ಮೇಲೆ ಕೈಯಿಟ್ಟರೆ ಮಾಲೀಕರು ಬಂದರೆಂದು ಅರ್ಥ. ಒಂದು ಕಾಲು ಕುಣಿಸಿದರೆ ಬಚ್ಚಲಿಗೆ ಹೋಗಬೇಕೆಂದು. ಎರಡೂ ಕೈಯಿಂದ ಹೊಟ್ಟೆಯನ್ನು ಮೂರು ಸಲ ತಟ್ಟಿದರೆ: ಆಗ್ತಿಲ್ಲ, ಜಿಪ್ ತೆಗಿ. ಜಿಪ್ಪಿಗೆ ಬಾಗಿಲ ಪರದೆಯ ದಪ್ಪ ಬಳೆಯೊಂದನ್ನು ಕಟ್ಟಿಕೊಂಡಿದ್ದಾರೆ, ಬೆರಳಿಲ್ಲದ ಕೈಗೂ ಸಿಕ್ಕಲೆಂದು. ಸನ್ನೆ ಕಂಡೊಡನೆ ಕೋಳಿ ಓಡಿಬಂದು ಕರಡಿಯನ್ನು ತಬ್ಬಿಕೊಂಡು, ಬಳೆ ಸಿಕ್ಕಿಸಿ, ಅರ್ಧ ಅಡಿ ಎಳೆಯುತ್ತದೆ. ಒಳಗೆ ಗಾಳಿ ಹೋಗುತ್ತದೆ. ಕರಡಿ ಬೆನ್ನು ಕಾಣದ ಹಾಗೆ ಹಿಂದಕ್ಕೆ ಹಿಂದಕ್ಕೆ ನಡೆದು ಗೋದಾಮು ಸೇರುತ್ತದೆ. ಜನ ‘ಅಯ್ಯೋ ಎಷ್ಟು ಮುದ್ದು’ ಎಂದು ಫೋಟೋ ತೆಗೆದುಕೊಳ್ಳುತ್ತಾರೆ. ಅದು ಮುದ್ದಲ್ಲ ಸ್ವಾಮಿ, ಪ್ರಥಮ ಚಿಕಿತ್ಸೆ.

ಈ ಕರಡಿಗೆ ಹತ್ತೊಂಬತ್ತು ವರ್ಷದ ಮಗಳಿದ್ದಾಳೆ. ಡಿಪ್ಲೊಮಾ ಕೊನೆಯ ವರ್ಷ. ಹಾಸಿಗೆ ಕತ್ತರಿಸಿ ಉಳಿದ ಫೋಮ್ ತುಂಡುಗಳನ್ನು ಅಪ್ಪ ಚೀಲದಲ್ಲಿ ತಂದರೆ, ಮಗಳು ಅದನ್ನು ಕೊಯ್ದು, ಬಿಸಿ ಮಾಡಿ ಬಗ್ಗಿಸಿ, ಬಣ್ಣ ಬಳಿದು ಕಬ್ಬಿಣದ ಎದೆಗವಚ ಮಾಡುತ್ತಾಳೆ. ಬೆರಳಿನಲ್ಲಿ ತಟ್ಟಿದರೆ ಮಾತ್ರ ಹಾಸಿಗೆಯೆಂದು ಗೊತ್ತಾಗಬೇಕು, ಅಂಥ ಕೈ. ವರ್ಷಕ್ಕೊಮ್ಮೆ ಕಾಮಿಕ್ಸು, ಕಾರ್ಟೂನು, ವಿಡಿಯೋ ಗೇಮುಗಳ ಅಭಿಮಾನಿಗಳೆಲ್ಲ ಸೇರುವ ಮೇಳವೊಂದು ನಡೆಯುತ್ತದೆ. ಇಷ್ಟದ ಪಾತ್ರದ ವೇಷ ಹಾಕಿಕೊಂಡು ಹೋಗುತ್ತಾರೆ. ಅದಕ್ಕೆ ಕಾಸ್‌ಪ್ಲೇ ಎನ್ನುತ್ತಾರೆ. ಈ ಸಲ ಜೋಡಿ ಸ್ಪರ್ಧೆ ಇತ್ತು. ಗೆದ್ದ ಜೋಡಿಯ ವೇಷ ಮಾಡಿದವರಿಗೆ, ಸಿನಿಮಾಕ್ಕೆ ಮುಖವಾಡ, ಕವಚ ತಯಾರಿಸುವ ಕಾರ್ಯಾಗಾರದಲ್ಲಿ ಒಂದು ವರ್ಷದ ತರಬೇತಿ. ಮಗಳಿಗೆ ಬೇಕಿದ್ದದ್ದು ಅದು. ಆರು ತಿಂಗಳು ಅವಳು ಊಟ ಮಾಡಿದ್ದು ಒಂದು ಕೈಯಲ್ಲಿ; ಇನ್ನೊಂದು ಕೈ ಅಂಟಿನಲ್ಲಿರುತ್ತಿತ್ತು.

ಅವಳು ಗಾಜಿನ ಗ್ರಹದ ರಾಣಿ, ಅವಳ ಗೆಳತಿ ಆ ರಾಣಿಯ ಕಬ್ಬಿಣದ ಕಾವಲುಗಾರ. ಕಾವಲುಗಾರನಿಗೆ ಒಂದೇ ಒಂದು ಮಾತು. ಸ್ಪರ್ಧೆಗೆ ನಾಲ್ಕು ದಿನ ಇದೆಯೆನ್ನುವಾಗ ಗೆಳತಿ ಮೆಟ್ಟಿಲಲ್ಲಿ ಕಾಲು ಮುರಿದುಕೊಂಡಳು. ಅಷ್ಟೆತ್ತರದವರು ಮನೆಯಲ್ಲಿ ಇದ್ದದ್ದು ಒಬ್ಬರೇ.

“ಅಪ್ಪ, ನೀನೇ ಬಾ.”

“ವಾರಕ್ಕೊಂದು ರಜೆ. ಆವತ್ತೂ ನಾನು ಮೂಟೆ ಒಳಗೇ ಇರ್ಬೇಕಾ?”

“ಇದು ಬೇರೆ ಅಪ್ಪ. ಇದಕ್ಕೆ ನಾವೇ ಟಿಕೆಟ್ ತಗೊಂಡು ಹೋಗೋದು.”

“ಓಹೋ. ಸಂಬಳ ಕೊಟ್ಟು ಮಾಡಿಸ್ತಿದ್ದದ್ದನ್ನ ಈಗ ಟಿಕೆಟ್ ತಗೊಂಡು ಮಾಡ್ಬೇಕು.”

ಹೆಂಡತಿ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು, ಮಾತಿನಲ್ಲೂ ಸೂಜಿಯೇ. “ಹೋಗ್ಬನ್ರೀ. ಒಂಬತ್ತು ವರ್ಷದ ಅನುಭವ. ಅಲ್ಲಿ ನಿಮಗಿಂತ ಸೀನಿಯರ್ ಯಾರಿರ್ತಾರೆ?”

ತಾಲೀಮು ಶುರುವಾಯಿತು. ಮಾತು ಹೀಗಿತ್ತು: ‘ನನ್ನ ಎದೆಯನ್ನು ಒಡೆಯದೆ ರಾಣಿಯ ನೆರಳನ್ನೂ ಮುಟ್ಟಲಾರಿರಿ!’ ಶಿರಸ್ತ್ರಾಣ ಇಲ್ಲದೆ ಕರಡಿಯಣ್ಣ ಹೇಳಿದ ರಭಸಕ್ಕೆ ಮೇಲಿನ ಮನೆಯವರು ಬಂದು ಏನಾಯ್ತೆಂದು ಕೇಳಿದರು. ಶಿರಸ್ತ್ರಾಣ ಹಾಕಿದೊಡನೆ ನಿಶ್ಶಬ್ದ.

“ಹೇಳಪ್ಪ.”

ಕಾವಲುಗಾರ ತಲೆಯಾಡಿಸಿದ.

“ತಲೆ ಆಡಿಸ್ಬೇಡ, ಬಾಯಿ ಬಿಡು.”

ಕಾವಲುಗಾರ ಎರಡೂ ಕೈ ಎತ್ತಿ ಬೀಸಿ, ಅಡುಗೆಮನೆಯ ಕಡೆ ಬನ್ನಿ ಬನ್ನಿ ಎಂದು ದಾರಿ ತೋರಿಸಿದ.

ಹೆಂಡತಿ ಕುರ್ಚಿ ಹತ್ತಿ ಶಿರಸ್ತ್ರಾಣವನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ನೋಡಿದಳು. ಹುಬ್ಬಿನವರೆಗೆ ಮಾತು ಬರುತ್ತಿತ್ತು. ಮೂಗು ಮುಚ್ಚಿದರೆ ನಲ್ಲಿ ತಿರುಗಿಸಿದ ಹಾಗೆ ನಿಲ್ಲುತ್ತಿತ್ತು. ಏಳು ಸಲ ಇಳಿಸಿದಳು, ಏಳು ಸಲವೂ ಅದೇ. “ಇವರನ್ನ ಡಾಕ್ಟರಿಗೆ ತೋರಿಸ್ಬೇಕಾ, ಪ್ಲಂಬರಿಗಾ?” ಎಂದು ಕುರ್ಚಿಯಿಂದ ಇಳಿದಳು.

ನಗಬೇಡಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಹೆಂಗಸು ಫೋಟೋಗೆಂದು ಕರಡಿಯ ಕಿವಿ ಹಿಡಿದು ತಿರುಚಿದಾಗ, ಒಳಗಿನ ಕಂಬಿ ಇವನ ಕೆನ್ನೆಗೆ ಚುಚ್ಚಿತ್ತು. ಇವನು ಮೆಲ್ಲಗೆ ‘ನೋಯ್ತದೆ ಅಮ್ಮಾ’ ಎಂದ. ಹೆಂಗಸು ಕಿರುಚಿದಳು, ಮಗು ಅತ್ತಿತು, ಹಾಸಿಗೆ ನೋಡುತ್ತಿದ್ದವರೆಲ್ಲ ಎದ್ದು ಬಂದರು. ಮಗುವಿನ ಕ್ಷಮೆ ಕೇಳು ಎಂದರು ಮಾಲೀಕರು. ಆದರೆ ಕರಡಿ ಮಾತಾಡುವಂತಿಲ್ಲ. ಹಾಗಾಗಿ ಅವನು ಕುಣಿದು ಕ್ಷಮೆ ಕೇಳಿದ. ಕೆನ್ನೆಯಿಂದ ರಕ್ತ ಸುರಿಯುತ್ತಿತ್ತು, ಕಾಲು ಕುಣಿಯುತ್ತಿತ್ತು. ಅವತ್ತು ಮುಚ್ಚಿದ ಬಾಯಿ ಅದು.

“ಸ್ಟೇಜ್ ಮೇಲೆ ಬರತ್ತೆ ಬಿಡು,” ಎಂದು ಕರಡಿಯಣ್ಣ ಮಗಳಿಗೆ ಹೇಳಿದ. ಅವನಿಗೇ ನಂಬಿಕೆ ಇರಲಿಲ್ಲ. ಆ ಸಾಲು ಬರದಿದ್ದರೆ ಜೋಡಿಯನ್ನು ಹೊರಗಿಡುತ್ತಾರೆಂದು ಅರ್ಜಿಯಲ್ಲೇ ಬರೆದಿತ್ತು.

ಮೇಳದ ಬಾಗಿಲಲ್ಲಿ ಕರಡಿಯಣ್ಣ ನಿಂತುಬಿಟ್ಟ. ಆಳೆತ್ತರದ ಬೋರ್ಡು. ‘ವೇಷ ಧರಿಸಿದವರನ್ನು ಕೇಳದೆ ಮುಟ್ಟಬೇಡಿ. ಕೇಳದೆ ಫೋಟೋ ತೆಗೆಯಬೇಡಿ. ಬಳಲಿದ ವೇಷಧಾರಿಗಳಿಗೆ ವಿಶ್ರಾಂತಿ ಕೋಣೆ ಎಡಕ್ಕಿದೆ.’ ಅವನು ಅದನ್ನು ಮೂರು ಸಲ ಓದಿದ. ಹಿಂದಿನ ಸಾಲಿನಲ್ಲಿದ್ದ ಎರಡು ತಲೆಯ ರಾಕ್ಷಸ “ಸಾರ್, ಸ್ವಲ್ಪ ಮುಂದೆ ಹೋಗ್ತೀರಾ?” ಎಂದು ವಿನಯದಿಂದ ಕೇಳಿದ.

ಒಳಗೆ ಎಲ್ಲರೂ ಹಾಗೆಯೇ ಇದ್ದರು. ರಕ್ತ ಹತ್ತಿದ ಕೊಡಲಿ ಹಿಡಿದ ಒಬ್ಬ ಹತ್ತಿರ ಬಂದು, “ಸಾರ್, ನಿಮಗೆ ತೊಂದರೆ ಇಲ್ಲಾಂದ್ರೆ ಒಂದು ಫೋಟೋ? ಹೆಗಲ ಮೇಲೆ ಕೈ ಇಟ್ರೆ ಪರವಾಗಿಲ್ವಾ?” ಎಂದ. ಕರಡಿಯಣ್ಣ ಹಿಂದೆ ತಿರುಗಿ ಯಾರು ಸಾರ್ ಎಂದು ನೋಡಿದ. ಇದಕ್ಕೆ ಉತ್ತರವಾಗಿ ಅವನ ಬಳಿ ಯಾವ ಸನ್ನೆಯೂ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಅದರ ಅಗತ್ಯವೇ ಬಿದ್ದಿರಲಿಲ್ಲವಲ್ಲ.

ವಿಶ್ರಾಂತಿ ಕೋಣೆಯಲ್ಲಿ ಒಂದು ಡ್ರ್ಯಾಗನ್ ಬಿಸ್ಕತ್ತು ತಿನ್ನುತ್ತಿತ್ತು. ಒಂದು ದೆವ್ವ ಚಪ್ಪಲಿ ಬಿಟ್ಟು ಪಾದ ಒತ್ತಿಕೊಳ್ಳುತ್ತಿತ್ತು. ಕರಡಿಯಣ್ಣ ಗೋಡೆಗೆ ಒರಗದೆ ನಿಂತೇ ಇದ್ದ.

“ಕೂತ್ಕೋ ಅಪ್ಪ.”

ಕೂತ. ಮೈಮೇಲೆ ವೇಷವಿರುವಾಗ ಕೂತದ್ದು ಜೀವಮಾನದಲ್ಲೇ ಮೊದಲು. ಬಾಗಿಲು ಕಿರ್ ಎಂದಿತು, ಕರೆಂಟ್ ಹೊಡೆದವನಂತೆ ಎದ್ದ. ಬಂದದ್ದು ಮಾಲೀಕರಲ್ಲ, ಮಾಂತ್ರಿಕ.

ಆಮೇಲೆ ಸ್ವಲ್ಪ ಹೊತ್ತು ಅವನು ಕಾಣೆಯಾದ. ಮಗಳು ಹುಡುಕಿಕೊಂಡು ಹೋದರೆ ಪೋಸ್ಟರ್ ಮಾರುವ ಮಳಿಗೆಯೊಂದರ ಮುಂದೆ ನಿಂತು ಎರಡೂ ಕೈಯಲ್ಲಿ ಜನರನ್ನು ಒಳಗೆ ಕರೆಯುತ್ತಿದ್ದ. ಯಾರೂ ಹೇಳಿರಲಿಲ್ಲ. ಬಾಗಿಲು ಕಂಡಿತ್ತು, ಕೈ ಎದ್ದಿತ್ತು, ಅಷ್ಟೇ. ಮಳಿಗೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಮಾರುವವನು “ಅಣ್ಣನ್ನ ಸ್ವಲ್ಪ ಹೊತ್ತು ಇಲ್ಲೇ ಬಿಡಮ್ಮ” ಎಂದು ಗೋಗರೆದ.

ವೇದಿಕೆಯ ಪಕ್ಕದಲ್ಲಿ ಒಂದು ಹಲ್ಲು ಇತ್ತು. ಮನುಷ್ಯನಿಗಿಂತ ದೊಡ್ಡ ದವಡೆ ಹಲ್ಲು. ಬೇರುಗಳ ಜಾಗದಲ್ಲಿ ಎರಡು ಕಾಲು, ನಗುವ ಬಾಯಿ, ಬೆರಳಿಲ್ಲದ ಬಿಳಿ ಕೈ. ಮೇಳದ ಪ್ರಾಯೋಜಕರಾದ ಟೂತ್‌ಪೇಸ್ಟ್ ಕಂಪನಿಯದು. ಹೆಗಲ ಮೇಲೆ ಕೈಯಿಡಲು ಅಪ್ಪಣೆ ಕೇಳಿದ್ದನಲ್ಲ ಕೊಡಲಿಯವನು, ಅದೇ ಮಹಾಶಯ ದೂರದಿಂದ ಓಡಿಬಂದು ಹಲ್ಲಿಗೆ ಡಿಕ್ಕಿ ಹೊಡೆದ. ಹಲ್ಲು ತೂರಾಡಿತು. ಡ್ರ್ಯಾಗನ್ ಹಿಂದಿನಿಂದ ಒದ್ದು ಫೋಟೋ ತೆಗೆಸಿಕೊಂಡಿತು.

ಕರಡಿಯಣ್ಣ ಶಿರಸ್ತ್ರಾಣ ತೆಗೆದು ಕೇಳಿದ. “ಆ ಬೋರ್ಡು ಅವನಿಗಿಲ್ವಾ?”

“ಅದು… ಅವರು ಕಾಸ್‌ಪ್ಲೇ ಮಾಡ್ತಿರೋದಲ್ಲ ಅಪ್ಪ. ಪ್ರಚಾರಕ್ಕೆ ಇರೋದು.”

“ಹಾಗಂದ್ರೆ?”

“ಅಂದ್ರೆ ಕೆಲಸಕ್ಕೆ ಬಂದಿರೋರು.”

ಹೇಳಿ ಮುಗಿಸಿದ ಮೇಲೆ ಮಗಳು ಅಪ್ಪನ ಮುಖ ನೋಡಲಿಲ್ಲ. ಕಿರೀಟ ನೆಟ್ಟಗಿದ್ದರೂ ಸರಿಮಾಡಿಕೊಂಡಳು.

ಓದುವವರೇ, ಆ ಹುಡುಗಿಯ ಬಾಯಲ್ಲಿ ಬಂದದ್ದು ನಮ್ಮೆಲ್ಲರ ಸಂವಿಧಾನ. ಟಿಕೆಟ್ ಕೊಂಡು ರಾಕ್ಷಸನಾದರೆ ಸಾರ್. ಸಂಬಳಕ್ಕೆ ಹಲ್ಲಾದರೆ ಒದೆ. ಮೈಮೇಲಿನ ಬಟ್ಟೆ ಒಂದೇ, ಒಳಗಿನ ಬೆವರು ಒಂದೇ. ನಮ್ಮ ಮರ್ಯಾದೆಗೆ ಮಾತ್ರ ಒಳಗಿರುವವನು ಗಿರಾಕಿಯೋ ಆಳೋ ಎಂದು ತಕ್ಷಣ ತಿಳಿದುಬಿಡುತ್ತದೆ.

ಅವರ ಸರದಿ ಬಂತು. “ಗಾಜಿನ ಗ್ರಹದ ರಾಣಿ ಮತ್ತು ಕಬ್ಬಿಣದ ಕಾವಲುಗಾರ!” ಎಂದು ನಿರೂಪಕ ಕೂಗಿದ. ಇದ್ದದ್ದು ತೊಂಬತ್ತು ಸೆಕೆಂಡು. ರಾಣಿ ನಡೆದಳು, ಗಾಜಿನ ಕೋಲು ಎತ್ತಿದಳು, ತೀರ್ಪುಗಾರರಲ್ಲಿ ಒಬ್ಬರು ಮುಂದೆ ಬಾಗಿ ಕವಚದ ಅಂಚುಗಳನ್ನು ನೋಡಿ ಏನನ್ನೋ ಬರೆದುಕೊಂಡರು. ಈಗ ಕಾವಲುಗಾರನ ಮಾತು.

ಕಾವಲುಗಾರ ಮಾತಾಡಲಿಲ್ಲ.

“ಅಪ್ಪಾ,” ಎಂದಳು ರಾಣಿ, ತುಟಿ ಅಲುಗಿಸದೆ.

ಕಾವಲುಗಾರ ಎಲ್ಲರಿಗೂ ಕೈಬೀಸಿದ.

“ಅಪ್ಪ, ಒಂದೇ ಸಾಲು, ನಿನ್ನ ಕಾಲಿಗೆ ಬೀಳ್ತೀನಿ.”

ನಲವತ್ತು ಸೆಕೆಂಡು ಉಳಿದಿತ್ತು. ಶಿರಸ್ತ್ರಾಣದ ಸೀಳಿನಿಂದ ಅವನು ಕೆಳಗೆ ನೋಡಿದ. ಹಲ್ಲು ಎರಡೂ ಕೈಯಿಂದ ತನ್ನ ಹೊಟ್ಟೆ ತಟ್ಟಿಕೊಳ್ಳುತ್ತಿತ್ತು. ಒಂದು, ಎರಡು, ಮೂರು. ನಿಂತಿತು. ಮತ್ತೆ ಒಂದು, ಎರಡು, ಮೂರು. ಸುತ್ತಲಿದ್ದವರು ಖುಷಿಯಿಂದ ತಾವೂ ಹೊಟ್ಟೆ ತಟ್ಟಿಕೊಂಡರು. ಸಂಗೀತ ಹಾಕುವವನು ಅದಕ್ಕೆ ತಾಳ ಹೊಂದಿಸಿದ. ನಿರೂಪಕ “ಹಲ್ಲು ಡ್ಯಾನ್ಸ್! ಎಲ್ಲರೂ ತಟ್ಟಿ!” ಎಂದ. ಆರುನೂರು ಜನ, ರಾಕ್ಷಸರು, ಮಾಂತ್ರಿಕರು, ಅಂತರಿಕ್ಷ ಯಾನಿಗಳು, ತಮ್ಮ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಎಲ್ಲರೂ ತಾಳಕ್ಕೆ ಸರಿಯಾಗಿ ‘ಆಗ್ತಿಲ್ಲ, ಜಿಪ್ ತೆಗಿ’ ಎಂದು ಸನ್ನೆ ಮಾಡತೊಡಗಿದರು. ಅದರ ಅರ್ಥ ಗೊತ್ತಿದ್ದದ್ದು ಇಬ್ಬರಿಗೆ. ಆ ಇಬ್ಬರಲ್ಲಿ ಒಬ್ಬ ಕುಸಿಯುತ್ತಿದ್ದ.

“ಜಿಪ್!” ಎಂದ ಕಾವಲುಗಾರ. ಮೊದಲು ಗಂಟಲಲ್ಲಿ ಗೊರಗೊರ. ಆಮೇಲೆ ಇಡೀ ಹಾಲ್ ತಿರುಗಿ ನೋಡುವ ಹಾಗೆ: “ಜಿಪ್ ತೆಗೀರೋ! ಹಿಂದ್ಗಡೆ! ಜಿಪ್!”

“ಜಿಪ್! ಜಿಪ್!” ಎಂದು ಆರುನೂರು ಜನ ಕೂಗಿದರು. ಅವರಿಗೆ ಹಾಡಿಗೆ ಸಾಹಿತ್ಯ ಸಿಕ್ಕಂತಾಯಿತು.

ಕಾವಲುಗಾರ ರಾಣಿಯನ್ನು ಬಿಟ್ಟು ವೇದಿಕೆಯಿಂದ ಹಾರಿದ. ಆರು ತಿಂಗಳ ಎದೆಗವಚ ನಡುವೆ ಸೀಳಿ, ಒಳಗಿನ ಹಳದಿ ಫೋಮು ಕಂಡಿತು. ಅವನು ಹಲ್ಲನ್ನು ತಬ್ಬಿ ಬೆನ್ನಿಗೆ ಕೈಹಾಕುವಷ್ಟರಲ್ಲಿ ಕಂಪನಿಯ ಮೇಡಂ ಓಡಿಬಂದರು.

“ರೀ ಮಿಸ್ಟರ್, ಹಲ್ಲು ಮುಟ್ಬೇಡಿ! ಮಕ್ಕಳಿದ್ದಾರೆ ಇಲ್ಲಿ! ಏನಿದ್ರೂ ಪರದೆ ಹಿಂದೆ!”

“ಅಲ್ಲಿವರೆಗೂ ಜೀವ ಇರ್ಬೇಕಲ್ಲಮ್ಮಾ!”

ಜಿಪ್ಪು ಹರಿದೇ ಬಂತು. ಒಳಗಿದ್ದದ್ದು ಅರವತ್ತರ ಆಸುಪಾಸಿನ ಒಬ್ಬ ಸಣಕಲು ಮನುಷ್ಯ. ಬನಿಯನ್ ಹಿಂಡಿದರೆ ಒಂದು ಚೊಂಬು ನೀರು ಬರುವಂತಿತ್ತು. ಮಕ್ಕಳು ಯಾರೂ ಅಳಲಿಲ್ಲ. ಒಂದು ಮಗು ಮಾತ್ರ “ಹಲ್ಲೊಳಗೆ ತಾತ ಇದ್ದಾರೆ” ಎಂದು ಅಮ್ಮನಿಗೆ ವರದಿ ಒಪ್ಪಿಸಿತು. ಮಗಳು ಕಿರೀಟದಿಂದಲೇ ಗಾಳಿ ಬೀಸಿದಳು. ನೀರು ಕುಡಿದು, ಕಣ್ಣು ಬಿಟ್ಟು, ಕಾವಲುಗಾರನನ್ನು ನೋಡಿ ತಾತ ಆಡಿದ ಮೊದಲ ಮಾತು:

“ಮಾತಾಡಿಬಿಟ್ರಲ್ಲ ನೀವು. ಕೆಲಸ ಹೋಗತ್ತೆ.”

“ಇವತ್ತು ನಂದು ರಜೆ,” ಎಂದ ಕರಡಿಯಣ್ಣ.

ತೀರ್ಪುಗಾರರು ಸೇರಿ ಚರ್ಚಿಸಿದರು. ಅರ್ಜಿಯಲ್ಲಿ ಬರೆದ ಸಾಲು ಬೇರೆ, ಆಡಿದ ಮಾತು ಬೇರೆ. ವೇದಿಕೆ ಬಿಟ್ಟದ್ದು ತಪ್ಪು. ಪಾತ್ರದಿಂದ ಹೊರಬಂದದ್ದು ಇನ್ನೂ ದೊಡ್ಡ ತಪ್ಪು. ಕಾವಲುಗಾರ ಕಾಯುವುದು ಪಾತ್ರದೊಳಗೇ ಬರುತ್ತದಲ್ಲ ಎಂದು ಒಬ್ಬರು ವಾದಿಸಿದರಂತೆ, ಇಬ್ಬರು ಒಪ್ಪಲಿಲ್ಲ. ಜೋಡಿ ಅನರ್ಹ. ತರಬೇತಿ ಬೇರೆಯವರ ಪಾಲಾಯಿತು. ಹಲ್ಲು ಡ್ಯಾನ್ಸಿನ ವಿಡಿಯೋವನ್ನು ಕಂಪನಿ ಸಂಜೆಯೊಳಗೆ ಹಂಚಿತು, ಜಿಪ್ಪಿಗೆ ಮುಂಚೆ ಕತ್ತರಿಸಿ. ನೀವೂ ನೋಡಿರುತ್ತೀರಿ. ತಟ್ಟಿಯೂ ಇರುತ್ತೀರಿ.

ಬಸ್ಸಿನಲ್ಲಿ ಮಗಳು ಒಡೆದ ಎದೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. “ಒಂದು ಸಾಲು ಅಪ್ಪ. ಒಂದೇ ಒಂದು ಸಾಲು.”

“ಹೂಂ.”

“ಬೇರೆ ಯಾರಾದ್ರೂ ತೆಗೀತಿರಲಿಲ್ವಾ?”

ಅವನು ಯೋಚಿಸಿದ. “ಇಲ್ಲ,” ಎಂದ. ಅವಳು ಕಿಟಕಿಯ ಕಡೆ ತಿರುಗಿದಳು. ಆಮೇಲೆ ಎರಡು ದಿನ ಮನೆಯಲ್ಲಿ ಮಾತಿಲ್ಲ. “ಅಪ್ಪ ತಲೆ ಹಾಕ್ಕೊಂಡು ಮಾತಾಡಲ್ಲ, ಮಗಳು ತಲೆ ಇದ್ದೂ ಮಾತಾಡಲ್ಲ,” ಎಂದು ಹೆಂಡತಿ ಗೋಡೆಗೆ ಹೇಳಿಕೊಂಡಳು.

ಮೂರನೆಯ ದಿನ ಕರಡಿ ಮನೆಗೆ ಬಂತು. ಅದನ್ನು ಒಗೆಯುವುದೂ ಇವರ ಮನೆಯ ಪಾಡೇ. ಒಣಗಿಸಿದ ಕರಡಿಯನ್ನು ಮಗಳು ಮಂಚದ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಮಡಿಕೆಯ ಕೆಳಗೆ ಸೀಳಿ, ಹೊಸ ಜಿಪ್ಪು ಕೂರಿಸಿದಳು. ಒಳಗಡೆ, ತೋಳಿನಿಂದ ಕೈ ಹಿಂದಕ್ಕೆಳೆದುಕೊಂಡರೆ ಸಿಗುವ ಹಾಗೆ, ಮುಷ್ಟಿಯಲ್ಲಿ ಹಿಡಿದು ಎಳೆಯುವಂಥ ಹಗ್ಗದ ಕುಣಿಕೆ. ಹೊರಗಿನಿಂದ ಕೂದಲು ಮುಚ್ಚಿಕೊಂಡು ಏನೂ ಕಾಣದು. “ಎಳೆದು ನೋಡು,” ಎಂದಳು. ಅಷ್ಟೇ ಮಾತು. ಕರಡಿಯಣ್ಣ ಒಳಗೆ ಹೊಕ್ಕು ಎಳೆದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಯಾರ ಹಂಗೂ ಇಲ್ಲದೆ ಹೊರಗೆ ಬಂದ. ಮತ್ತೆ ಒಳಗೆ ಹೋದ, ಮತ್ತೆ ಹೊರಗೆ ಬಂದ. ಹನ್ನೊಂದು ಸಲ.

ಆ ಶನಿವಾರ ಒಬ್ಬ ದಪ್ಪ ಗೃಹಸ್ಥರು ಅಂಗಡಿಗೆ ಬಂದರು. ಒಳಗೆ ಹೋಗುವಾಗ ಕರಡಿಯ ಹೊಟ್ಟೆಗೆ ಗುದ್ದಿದರು, ಹೊರಗೆ ಬರುವಾಗಲೂ ಗುದ್ದಿದರು.

“ಕೇಳಿ ಮುಟ್ಟಿ ಸ್ವಾಮೀ,” ಎಂದಿತು ಕರಡಿ.

ಗೃಹಸ್ಥರು ಹೌಹಾರಿ ಹಿಂದಕ್ಕೆ ಬಿದ್ದರು. ಬಿದ್ದದ್ದು ಬಾಗಿಲಲ್ಲಿ ಹಾಸಿಟ್ಟಿದ್ದ ಹತ್ತು ಇಂಚಿನ ಹಾಸಿಗೆಯ ಮೇಲೆ, ಹಾಗಾಗಿ ಮೈಗೆ ಪೆಟ್ಟಾಗಲಿಲ್ಲ. ಮರ್ಯಾದೆಗೆ ಆಯಿತು. ಲಿಖಿತ ದೂರು ಕೊಟ್ಟರು. ಕರಡಿಯನ್ನು ತಡವಿ ನೋಡಿದ ಮಾಲೀಕರಿಗೆ ಹೊಟ್ಟೆಯ ಜಿಪ್ಪೂ ಸಿಕ್ಕಿತು.

ನೋಟಿಸು ನನ್ನ ಮುಂದಿದೆ. ಉತ್ತರ ಬರೆದುಕೊಡಿ ಎಂದು ಕರಡಿಯಣ್ಣ ತಂದುಕೊಟ್ಟದ್ದು. ‘ಆಪಾದನೆ ಒಂದು: ಕರ್ತವ್ಯದ ವೇಳೆಯಲ್ಲಿ ಕರಡಿಯು ಮಾತಾಡಿರುತ್ತದೆ. ಆಪಾದನೆ ಎರಡು: ಕರಡಿಯು ಅನುಮತಿ ಇಲ್ಲದೆ ತನ್ನ ಹೊಟ್ಟೆಗೆ ಜಿಪ್ಪು ಅಳವಡಿಸಿಕೊಂಡು ಸಂಸ್ಥೆಯ ಆಸ್ತಿಗೆ ಹಾನಿ ಉಂಟುಮಾಡಿರುತ್ತದೆ. ಕರಡಿಯು ಖುದ್ದಾಗಿ ಹಾಜರಾಗಿ ವಿವರಣೆ ನೀಡತಕ್ಕದ್ದು.’ ಮಾತಾಡಿ ವಿವರಿಸಬೇಕೋ ಕುಣಿದು ವಿವರಿಸಬೇಕೋ ಎಂಬುದನ್ನು ಬರೆದಿಲ್ಲ. ವಿಚಾರಣೆ ಗುರುವಾರ ಹನ್ನೊಂದು ಗಂಟೆಗೆ, ಅಂಗಡಿಯಲ್ಲೇ. ಅಲ್ಲಿಯವರೆಗೆ ಅವನನ್ನು ಮನೆಯಲ್ಲಿ ಕೂರಿಸಿದ್ದಾರೆ. ಏಜೆನ್ಸಿ ಕಳಿಸಿದ ಬೇರೆ ಯಾರೋ ಈಗ ಆ ಕರಡಿಯೊಳಗಿದ್ದಾರೆ. ಹೊಟ್ಟೆಯ ಜಿಪ್ಪನ್ನು ದಪ್ಪ ದಾರದಲ್ಲಿ ಹೊಲಿದು ಮುಚ್ಚಿದ್ದಾರೆ. ನಾನು ಹೋಗಿ ಕಣ್ಣಾರೆ ನೋಡಿ ಬಂದೆ.

ಉತ್ತರವನ್ನೇನೋ ನಾನು ಬರೆದುಕೊಟ್ಟೆ. ಕಾಗದಕ್ಕೆ ಕಾಗದ ಸಾಲದು. ಗುರುವಾರ ನೀವು ಬನ್ನಿ. ಬರಲಾಗದಷ್ಟು ದೂರವಿದ್ದರೆ ನಿಮ್ಮ ಬೀದಿಯ ಕರಡಿ, ಕೋಳಿ, ಗಿಳಿ ನಿಂತ ಯಾವುದಾದರೂ ಅಂಗಡಿಗೆ ಅದೇ ಹೊತ್ತಿಗೆ ಹೋಗಿ. ಗಿರಾಕಿಯ ಹಾಗೆಯೇ ಒಳಗೆ ನಡೆಯಿರಿ, ಕೂರಲು ಹೇಳಿದಲ್ಲಿ ಆರಾಮಾಗಿ ಕೂತು, ಮಾಲೀಕರನ್ನು ಕರೆದು ಕೇಳಿ: ‘ಹೊರಗೆ ನಿಂತಿರೋರನ್ನ ಎಷ್ಟು ನಿಮಿಷಕ್ಕೊಂದು ಸಲ ಆಚೆ ಬಿಡ್ತೀರಿ? ಜಿಪ್ಪು ಯಾರ ಕೈಗೆ ಸಿಗತ್ತೆ?’ ಉತ್ತರ ಬರುವವರೆಗೆ ಅಲ್ಲಿಂದ ಏಳಬೇಡಿ.